ಹದಿನೇಳು ಮೈಲಿ

ಜೂನಿನ ಎರಡನೇ ಮಂಗಳವಾರ. ಕರಿನೊಣಗಳ ಕಾಲ.
ಬೆಳಗಿನ ಏಳಕ್ಕೆ ಶಾಲೆಯ ಜಿಮ್ಮಿನ ಬಾಗಿಲು ತೆಗೆದೆ.
ಬ್ಯಾಸ್ಕೆಟ್‌ಬಾಲ್ ಗೆರೆಗಳ ಮೇಲೆ ನಾಲ್ಕು ಮರೆ,
ನನ್ನಜ್ಜಿಗಿಂತ ಹಳೆಯದೊಂದು ಮರದ ಪೆಟ್ಟಿಗೆ.
ಚೀಟಿ ಬಿದ್ದಾಗಲೆಲ್ಲ ಅದರ ಗಂಟೆ ಟಿಣ್ ಅನ್ನುತ್ತೆ,
ಹಾಕಿದವರಿಗೆ ಏನೋ ಆಯಿತು ಅನ್ನಿಸಲಿ ಅಂತ.

ಬಾಗಿಲ ಎಡಕ್ಕೆ ಡೆಲ್ಫೀನ್ ಊಲೆಟ್, ಬಲಕ್ಕೆ ರಾಯ್ಸ್ ಹ್ಯಾಥಾರ್ನ್.
ಒಂದೇ ಪಕ್ಷ, ಒಂದೇ ಚರ್ಚು, ದೂರದ ನೆಂಟಸ್ತಿಕೆ ಬೇರೆ.
ಮೇನ್ ರಾಜ್ಯದ ಅಸೆಂಬ್ಲಿಗೆ ನವೆಂಬರಿನಲ್ಲಿ ಯಾರು ನಿಲ್ಲಬೇಕು
ಅನ್ನುವುದಕ್ಕೆ ಈಗಲೇ ಈ ಒಳಜಗಳ.
ಕಾನೂನಿದೆ: ಕೈ ಕುಲುಕಬಹುದು, ಹೆಸರು ಹೇಳಬಹುದು,
ಯಾತಕ್ಕೆ ನಿಂತಿದ್ದೇನೆ ಅಂತ ಮಾತ್ರ ಬಾಯಿ ಬಿಡಕೂಡದು.
ಹಾಗಾಗಿ ಇಬ್ಬರೂ ಹದಿಮೂರು ತಾಸು ಹವೆಯ ಬಗ್ಗೆ ಮಾತಾಡಿದರು.
"ಮೋಡ ಕವಿದಿದೆ" ಅಂದಳು ಡೆಲ್ಫೀನ್, ಮತ ಕೇಳುವ ದನಿಯಲ್ಲಿ.
"ಸಂಜೆಗೆ ತಿಳಿಯಾಗುತ್ತೆ" ಅಂದ ರಾಯ್ಸ್, ಭರವಸೆ ಕೊಟ್ಟಂತೆ.

ಜನ ನನ್ನ ಮೇಜಿಗೆ ಬಂದು ಹೆಸರು ಹೇಳಿದರು,
ಹೆಸರಿನ ಹಿಂದೆಯೇ ಹೊಟ್ಟೆಯಲ್ಲಿದ್ದದ್ದನ್ನೂ.
ನನ್ನ ಪಟ್ಟಿಯಲ್ಲಿ ಅದಕ್ಕೆ ಕಾಲಮ್ಮಿಲ್ಲ.
ಲೊರೆಟ್ಟಾ ಬಾವಿ ನೀರಿನ ವರದಿಯನ್ನು ನಾಲ್ಕು ಮಡಿಕೆ ಮಾಡಿ
ಪರ್ಸಿನಲ್ಲಿ ಮೊಮ್ಮಕ್ಕಳ ಫೋಟೊ ಹಿಂದೆ ಇಟ್ಟುಕೊಂಡಿದ್ದಾಳೆ.
ತುಂಬು ಬಸುರಿ ಟೆಸ್ ಕುರ್ಚಿ ಕೇಳಿ ಕೂತಳು.
ಹೆರಿಗೆ ವಾರ್ಡಿಗೆ ಬೀಗ, ಇನ್ನೊಂದು ಇರುವುದು ಎಪ್ಪತ್ತು ಮೈಲಿಯಾಚೆ.
"ಮಗುವಿಗೆ ಪುರಸೊತ್ತಿದ್ದರೆ ಸಾಕು" ಅಂದು ನಕ್ಕಳು.
ಕಾಗದದ ಗಿರಣಿ ಮುಚ್ಚಿದ ದಿನದಿಂದ
ಆರ್ಲೋ ಯಾರ ಹತ್ತಿರವೂ ಏನೂ ಹೇಳಿಲ್ಲ,
ಇವತ್ತೂ ಹೇಳಲಿಲ್ಲ. ಟಿಣ್.

ಸೇತುವೆಯ ಮಾತು ಎಲ್ಲರದೂ.
ಮೂರು ಚಳಿಗಾಲವಾಯಿತು, ಫಲಕ ಹಾಕಿ:
ಭಾರದ ವಾಹನಕ್ಕೆ ದಾರಿಯಿಲ್ಲ.
ಕಾರು ಹೋಗುತ್ತೆ, ಸೈಕಲ್ ಹೋಗುತ್ತೆ, ಭಾಷಣ ಹೋಗುತ್ತೆ.
ಶಾಲೆ ಬಸ್ಸು ಸುತ್ತಬೇಕು. ಆಂಬುಲೆನ್ಸೂ.

ರಾತ್ರಿ ಎಂಟಕ್ಕೆ ಬೀಗ. ಪೆಟ್ಟಿಗೆ ಮಗುಚಿದೆವು.
ಐವತ್ತರ ಕಟ್ಟು, ರಬ್ಬರ್ ಬ್ಯಾಂಡು, ಆರಿದ ಕಾಫಿ.
ಡೆಲ್ಫೀನ್ ಇನ್ನೂರ ಹನ್ನೆರಡು. ರಾಯ್ಸ್ ಇನ್ನೂರ ಹನ್ನೊಂದು.
ಒಂದು ಚೀಟಿಯಲ್ಲಿ ಮಾತ್ರ ಎರಡು ಹೆಸರನ್ನೂ ಬಿಟ್ಟು,
ಕೆಳಗಿನ ಖಾಲಿ ಗೆರೆಯ ಮೇಲೆ,
ಪೆನ್ನು ಒತ್ತಿ ಬರೆದಿತ್ತು: 17 ಮೈಲಿ.

"ಇದು ಮನುಷ್ಯನಲ್ಲ" ಅಂದಳು ಬೆವರ್ಲಿ.
"ಅಭ್ಯರ್ಥಿ ಇದೇ ಕ್ಷೇತ್ರದ ನಿವಾಸಿಯಾಗಿರಬೇಕು ಅಂತಷ್ಟೆ ನಿಯಮ.
ನಿವಾಸಿಯೇ ತಾನೆ?" ಅಂದ ಗಾರ್ತ್, ತಮಾಷೆಗೆ.
ಯಾರೂ ನಗಲಿಲ್ಲ. ಅವನೂ.

ಮೂವತ್ತು ವರ್ಷ ಈ ಊರಿನ ಮೂರನೇ ಕ್ಲಾಸಿಗೆ
ಅಂಕಿ ತಿದ್ದಿಸಿದವಳು ನಾನು.
ಏಳರ ನಡುವೆ ಅಡ್ಡಗೆರೆ ಎಳೆಯಬೇಡ ಅಂತ
ಒಬ್ಬ ಹುಡುಗನಿಗೆ ಎಷ್ಟು ಸಲ ಹೇಳಿದ್ದೆ.
ಫ್ರೆಂಚ್ ಅಜ್ಜಿ ಕಲಿಸಿದ್ದು, ಬಿಡಲಿಲ್ಲ.
ಈಗ ಅರವತ್ತು ದಾಟಿದ್ದಾನೆ. ಗೆರೆ ಹಾಗೇ ಇದೆ.
ಫೆಬ್ರುವರಿಯಲ್ಲಿ ಆಂಬುಲೆನ್ಸು ಸುತ್ತಿ ಬಂದದ್ದು
ಅವನ ಮನೆಗೇ.

ಮತ ಗುಟ್ಟು. ನಾನು ಕನ್ನಡಕ ಒರೆಸಿಕೊಂಡೆ.
"ಅಸಿಂಧು" ಅಂದೆ. ಬೆವರ್ಲಿ ಬರೆದುಕೊಂಡಳು.

ಬೆಳಿಗ್ಗೆ ರಾಯ್ಸ್ ರಸ್ತೆಬದಿಯ ತನ್ನ ಫಲಕಗಳನ್ನು ಕೀಳುತ್ತಿದ್ದ.
ಹೆಸರಿನ ರಟ್ಟನ್ನು ಟ್ರಕ್ಕಿಗೆಸೆದು
ತಂತಿಯ ಕಾಲುಗಳನ್ನು ಬೇರೆ ಜೋಡಿಸುತ್ತಿದ್ದ.
"ಡೆಲ್ಫೀನಿಗೆ. ಅಳತೆ ಒಂದೇ" ಅಂದ, ನನ್ನ ಮುಖ ನೋಡದೆ.
"ಆ ಒಂದು ಚೀಟಿ ಯಾರದು?"
"ಹವೆ ಚೆನ್ನಾಗಿದೆ" ಅಂದೆ.

ನನ್ನ ಕಾರು ಹಗುರ, ಸೇತುವೆ ಹಾಯಬಹುದಿತ್ತು.
ಏನಾಯಿತೋ, ಬಲಕ್ಕೆ ತಿರುಗಿಸಿಬಿಟ್ಟೆ.
ಮೀಟರು ನೋಡುತ್ತ, ಸ್ಪ್ರೂಸ್ ಕಾಡಿನ ಅಂಚಿನಲ್ಲಿ,
ಹಳೆಯ ಪಾಠ ಒಪ್ಪಿಸುವವಳ ಹಾಗೆ
ಒಂದು, ಎರಡು, ಮೂರು...
ಹನ್ನೊಂದರ ಹೊತ್ತಿಗೆ ಸಾಕಾಗಿತ್ತು.
ಇನ್ನೂ ಆರಿತ್ತು.