ಏಳನೆಯ ಗೂಡು

ಮಲ್ಪೆಯ ಬಂದರಿನಲ್ಲಿ ಮೂವತ್ತೆಂಟು ವರ್ಷ
ಒಳಗೆ ಹೋದದ್ದು ಹೊರಗೆ ಬಾರದ ಹಾಗೆ
ಬಲೆ ಹೆಣೆದವನು ನಾನು.
ಕಣ್ಣಿನ ಅಳತೆ ಬೆರಳಿಗೇ ಗೊತ್ತು,
ಬೂತಾಯಿಗೆ ಇಷ್ಟು, ಬಂಗುಡೆಗೆ ಇಷ್ಟು.

ನವರಾತ್ರಿ ಕಳೆದ ವಾರ ಫ್ಲಾವಿಯಾ ಬಂದಳು,
ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದುವ ಹುಡುಗಿ,
ಮೊಣಕಾಲಿನ ತನಕ ಒಣಗಿದ ಕೆಸರು.
"ವಾಮನಣ್ಣ, ನನಗೆ ತಲೆಕೆಳಗಾದ ಬಲೆ ಬೇಕು.
ಹೊರಗಿನದು ಒಳಗೆ ಬರಬಾರದು."
ಒಳಗೆ ಎಂತ ಉಂಟು? ಕೇಳಿದೆ.
"ಕೆಸರು," ಎಂದಳು.

ಉದ್ಯಾವರ ಹೊಳೆ ಕಡಲಿಗೆ ಸೇರುವ ಮುಂಚೆ
ಪಿತ್ರೋಡಿಯ ಹತ್ತಿರ, ನೀರಿಳಿದಾಗ ಮಾತ್ರ ಕಾಣುವ ದಿಬ್ಬ.
ಹನ್ನೆರಡು ಚೌಕ ಅಳೆದೆವು, ಗಜಕ್ಕೆ ಗಜ.
ನಾಲ್ಕಕ್ಕೆ ಪೂರ್ತಿ ಗೂಡು, ಮೇಲಕ್ಕೂ ಬದಿಗೂ ಬಲೆ.
ನಾಲ್ಕಕ್ಕೆ ಬರೀ ಮೂಲೆಯ ಬಿದಿರು ಕೋಲು
(ಕೋಲಿಗೆ ಕೂಲಿ ಎಷ್ಟು ಹೇಳುವುದೆಂದು ತಿಳಿಯಲಿಲ್ಲ).
ಉಳಿದದ್ದಕ್ಕೆ ಅರ್ಧ ಗೂಡು,
ಮೇಲೆ ಬಲೆ, ಬದಿಗಳು ಬಾಯಿ ತೆರೆದು.

ಇದು ಎಂತಕ್ಕೆ, ತೊರಕೆ ನುಗ್ಗುವುದಾದರೆ?
"ಗೂಡಿನೊಳಗೆ ಏನಾದರೂ ಬದಲಾದರೆ
ತಿನ್ನುವವರು ಬಾರದ್ದಕ್ಕೋ
ಬಲೆಯ ನೆರಳು ಬಿದ್ದದ್ದಕ್ಕೋ
ಹೇಗೆ ಹೇಳುವುದು?
ಅದಕ್ಕೇ ಇದು, ಸುಳ್ಳು ಗೂಡು."

ಆ ರಾತ್ರಿ ನಿದ್ದೆ ಹತ್ತಲಿಲ್ಲ.
ಅಪ್ಪ ಕುಡಿದು ಎಲ್ಲೋ ಬಿದ್ದುಕೊಂಡ ದಿನಗಳಲ್ಲಿ
ಮನೆ ತಣ್ಣಗಿದ್ದದ್ದು ಅವನಿಲ್ಲದ್ದಕ್ಕೋ
ಅಮ್ಮ ಹಾಕಿದ ಚಿಲಕಕ್ಕೋ.
ನಮ್ಮಲ್ಲಿ ಸುಳ್ಳು ಗೂಡು ಇರಲಿಲ್ಲ, ಲೆಕ್ಕ ನೋಡಲು.

ಮರುವಾಯಿ ಹೆಕ್ಕುವ ಜಲಜಕ್ಕ
ಬುಟ್ಟಿ ಸೊಂಟಕ್ಕಿಟ್ಟು ನಿಂತು ನೋಡಿದಳು.
"ಕೋಲು ನೆಟ್ಟಲ್ಲಿ ಕೈ ಹಾಕಬೇಡಿ ಅಕ್ಕ, ಅದು ಬಿಟ್ಟ ಜಾಗ."
"ತೊರಕೆಗೆ ಬಿಟ್ಟಿದ್ದೀ, ಏಡಿಗೆ ಬಿಟ್ಟಿದ್ದೀ,
ನಾನು ಮಾತ್ರ ಎಂತ ಪಾಪ ಮಾಡಿದ್ದೇನೆ?"
ಫ್ಲಾವಿಯಾ ಉತ್ತರ ಕೊಡಲಿಲ್ಲ.
ಮರುದಿನ ಅವಳ ಪುಸ್ತಕದಲ್ಲಿ, ತಿನ್ನುವವರ ಪಟ್ಟಿಯಲ್ಲಿ,
ತೊರಕೆ, ಕೆಂಬೇರಿ, ಏಡಿ, ಕೊಕ್ಕರೆ,
ಕೆಳಗೆ ಬೇರೆ ಶಾಯಿಯಲ್ಲಿ:
ಜಲಜಕ್ಕ, ಬಲಗೈ.

ಅಮಾವಾಸ್ಯೆಗೊಮ್ಮೆ ಇಳಿತಕ್ಕೆ ಹೋಗಿ
ಕೊಳವೆ ಚುಚ್ಚಿ ಕೆಸರೆತ್ತಿ ಜರಡಿ ಹಿಡಿದೆವು.
ಗೂಡಿನೊಳಗೆ ಮರುವಾಯಿ ಮರಿ,
ಎಳ್ಳಿನಷ್ಟು, ಮೆಂತೆಯಷ್ಟು, ಆಮೇಲೆ ಕಡಲೆಯಷ್ಟು,
ಒಂದರ ತಲೆಮೇಲೊಂದು.
ಹೊರಗೆ ಅಂಗೈಯಗಲಕ್ಕೆ ಎರಡೋ ಮೂರೋ.
ನಾನು ಹಿಗ್ಗಿದೆ: ಕಾವಲಿದ್ದರೆ ನೋಡು ಹೇಗೆ!
ಅವಳು ಜರಡಿಯನ್ನು ಮೂಗಿಗೆ ಹತ್ತಿರ ಹಿಡಿದಳು.
"ಹುಳಗಳೆಲ್ಲಿ ವಾಮನಣ್ಣ?
ಮೊದಲ ಸಲ ಒಂಬತ್ತು ಬಗೆ ಇದ್ದವು."
ಎರಡು ಉಳಿದಿದ್ದವು.

ಏಳನೆಯ ಗೂಡು ಮಾತ್ರ ಖಾಲಿ.
ಬಲೆ ಹರಿದಿರಲಿಲ್ಲ. ಗಂಟು ಗಂಟು ತಡವಿದೆ,
ನನ್ನ ಮಾನದ ಪ್ರಶ್ನೆ.
ಮೂಲೆಯ ಕೆಸರು ಕದಲಿತು.
ಏಡಿ. ಅಂಗೈಗಿಂತ ದೊಡ್ಡದು,
ಸುತ್ತ ಒಡೆದ ಚಿಪ್ಪು.
ಉಗುರಿನಷ್ಟಿದ್ದಾಗ ಕಣ್ಣಿನಲ್ಲಿ ತೂರಿ ಬಂದದ್ದು
ತಿಂದು ತಿಂದು
ತನ್ನ ಬಾಗಿಲಿಗಿಂತ ತಾನೇ ಅಗಲವಾಗಿತ್ತು.
ಹೊರಗಿನಿಂದ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ,
ಅಷ್ಟು ಚೆನ್ನಾಗಿ ಹೆಣೆದಿದ್ದೆ.

"ಇದು ಲೆಕ್ಕಕ್ಕಿಲ್ಲ," ಗೀಟು ಎಳೆದಳು.
ಆದರೆ ಗೀಟಿನ ಪಕ್ಕ ಬರೆಯುತ್ತಲೇ ಇದ್ದಳು,
ಭರತದ ನೀರು ಪಾದಕ್ಕೆ ಬರುವವರೆಗೆ.
ಏಡಿ ಜಲಜಕ್ಕನ ಪಾಲಾಯಿತು.
ಪುಳಿಮುಂಚಿ ಮಾಡಿದಳಂತೆ, ನಮ್ಮನ್ನು ಕರೆಯಲಿಲ್ಲ.

ಫೆಬ್ರವರಿಯಲ್ಲಿ ಬಲೆ ಬಿಚ್ಚಿದೆವು.
ಮರುದಿನ ಕೋಲು ತರುವ ನೆಪದಲ್ಲಿ ಒಬ್ಬನೇ ಹೋದೆ.
ಮೂರನೆಯ ಚೌಕದ ನಡುವೆ ಗೆರಸೆಯಗಲದ ಗುಂಡಿ,
ರಾತ್ರಿ ತೊರಕೆ ಮಲಗಿ, ಉಂಡು, ಎದ್ದು ಹೋದ ಗುರುತು.
ಗುಂಡಿಯಲ್ಲಿ ನಿಂತ ನೀರು.
ನೀರಿನಡಿಯಲ್ಲಿ ಕೆಂಪು ನೂಲಿನಷ್ಟು ಒಂದು ಹುಳ
ಬಿಲ ತೋಡುತ್ತಿತ್ತು.