ಮುದ್ದತು

ಏಳು ವರ್ಷದ ಹಿಂದ ನಿನ್ನ ತಂದದ್ದು
ಮೊದಲನೇ ವರ್ಷದ ಕಮಿಷನ್ನಿನಾಗ.
ಬಸವೇಶ್ವರ ಸರ್ಕಲ್ಲಿನ ಅಂಗಡಿಯಾಂವ
'ಪಿಗ್ಮಿ ಅಕ್ಕಾರ, ಇದು ಭಾಳ ದಿನ ಬರತೈತಿ' ಅಂದಿದ್ದ.
ಎಲ್ಲಾ ಸಾಮಾನಿಗೂ ಅಂವ ಹಂಗ ಅಂತಿದ್ದ ಖರೆ,
ನಿನ್ನ ವಿಷಯಕ್ಕಷ್ಟ ಮಾತು ಉಳೀತು.

ಆಗ ನಿನಗ ನವನಗರ ಗೊತ್ತಿರಲಿಲ್ಲ.
ಸೆಕ್ಟರ್ ನಲವತ್ತೊಂದು ಅಂದ್ರ
ಬಯಲಿನಾಗ ಒಂದು ನೀಲಿ ಚುಕ್ಕಿ ನಿಲ್ಲಿಸಿ
ಸುಮ್ಮನಿರತಿದ್ದಿ.
ಮುಳುಗಡಿ ಆದ ನಮ್ಮ ಓಣಿಗೆ ದಾರಿ ಕೇಳಿದ್ರ ಮಾತ್ರ
ಧೈರ್ಯಲೇ ಹೇಳತಿದ್ದಿ:
'ನೇರವಾಗಿ ಹೋಗಿ, ಎಡಕ್ಕೆ ತಿರುಗಿ.'
ಎಡಕ್ಕ ನೀರು.

ಆಮ್ಯಾಲ ರಾತ್ರಿ ರಾತ್ರಿ ಯಾರೋ ಬಂದು ನಿನಗ ಕಲಿಸಿದ್ರು.
ನಾ ಮಲಗಿರತಿದ್ದೆ, ಅಡಗಿಮನಿ ಪ್ಲಗ್ಗಿನಾಗ ನೀ.
ಮುಂಜಾನೆ ಕಸಬರಗಿ ಹಿಡಿಯೂಕಿಂತ ಮೊದಲ ನೋಡಿದ್ರ
ಗಂಟಿ ಚಿತ್ರ ಬ್ಯಾರೆ, ಅಕ್ಷರ ದುಂಡಗ,
'ಭದ್ರತೆಯನ್ನು ಸುಧಾರಿಸಲಾಗಿದೆ.'
ಯಾವ ತೂತು, ಎಲ್ಲಿತ್ತು, ಯಾರು ಮುಚ್ಚಿದ್ರು,
ಒಂದೂ ತಿಳೀಲಿಲ್ಲ.
ನನಗ ಕಾಣದ ತೂತು ಮುಚ್ಚಾಂವ
ನನ್ನ ಹೆಸರೂ ಅರಿಯದಾಂವ
ಐದು ವರ್ಷ ತಪ್ಪದ ಬಂದ.
ನಮ್ಮ ಸೊಸೈಟಿ ಚೇರಮನ್ನರೂ ಅಷ್ಟು ನೇಮ ಹಿಡಿದಿಲ್ಲ.

ನೀ ಬಿದ್ದದ್ದು ಮೂರು ಸಲ.
ಒಮ್ಮೆ ರೊಟ್ಟಿ ಕೇಂದ್ರದ ಕಟ್ಟಿಮ್ಯಾಲಿಂದ. ಮೂಲಿ ಸೀಳಿತು,
ಸೀಳಿನಾಗ ಹೊಕ್ಕ ಜ್ವಾಳದ ಹಿಟ್ಟು ಇವತ್ತೂ ಹಂಗ ಐತಿ.
ಒಮ್ಮೆ ಅಂಬಿಗೇರ ತಿಪ್ಪವ್ವನ ಮೀನಿನ ಬುಟ್ಟ್ಯಾಗ.
ನಾಕು ದಿನ ಯಾರಿಗೆ ಫೋನ್ ಹಚ್ಚಿದ್ರೂ
ಹಿನ್ನೀರಿನ ವಾಸನಿ.
ಮೂರನೇದು ಬಿದ್ದದ್ದಲ್ಲ, ಒಗದದ್ದು.
ಅದರ ಮಾತು ಬ್ಯಾಡ.

ದಸ್ತಗೀರ, ದಿನಾ ಐವತ್ತು ರೂಪಾಯಿ ಪಿಗ್ಮಿ ಕಟ್ಟಾಂವ,
ನಿನ್ನ ಹೊಟ್ಟಿ ಬಿಚ್ಚಿ ಬಿಚ್ಚಿ ಕೂಡಿಸಿದಾಂವ.
ಅವನ ಡ್ರಾವರಿನಾಗ ನಿನ್ನಂಥಾದ ಇನ್ನೊಂದಿತ್ತು,
ಸತ್ತದ್ದು, ಕರೀ ಬಣ್ಣದ್ದು.
ಸ್ಪೀಕರ್ ಅದರದು, ಚಾರ್ಜರ್ ಚುಚ್ಚೂ ಜಾಗಾ ಅದರದು,
ಹೋದ ವರ್ಷದಿಂದ ಗುಂಡಿನೂ ಅದರದ.
'ಕಂಪನಿ ಕೈ ಬಿಟ್ಟರ ಬಿಡಲಿ ಅಕ್ಕಾರ,
ಇದು ಇರೂತನಕ ಅದಕ್ಕ ಜೀವ ಐತಿ' ಅಂದ.
ಯಾವುದು ಇದು, ಯಾವುದು ಅದು
ಅಂತ ನಾ ಕೇಳಲಿಲ್ಲ.

ಕಡೀ ಅಪ್ಡೇಟು ಬಂದದ್ದು ಪಂಚಾಂಗದ ಕನ್ನಡದಾಗ:
'ನಿಮ್ಮ ಸಾಧನಕ್ಕೆ ಇದು ಅಂತಿಮ ನವೀಕರಣ. ಧನ್ಯವಾದಗಳು.'
ನಾನೂ ವಾರಕ್ಕೊಮ್ಮೆ ಇಂಥಾ ಮಾತು ಆಡಾಕಿನ:
'ಮುದ್ದತು ಮುಗೀತ್ರಿ, ಪುಸ್ತಕ ತಗೊಂಡು ಆಫೀಸಿಗೆ ಬರ್ರಿ.'
ಆದರ ನಾ ಹಂಗ ಅಂದಾಗ ಮಂದಿ ನಗತಾರ.
ಅಸಲು, ಮ್ಯಾಲ ಬಡ್ಡಿ.
ಬಳಿ ಅಂಗಡಿ ಇಂದ್ರಾಬಾಯಿ ಆ ರೊಕ್ಕದಾಗ
ಅಂಗಡಿಗೆ ಹೊಸ ಪತ್ರಾ ಹೊದಿಸಿದಳು.
ನಿನ್ನ ಮುದ್ದತಿಗೆ ಯಾರಿಗೇನು ಬಂತು?

ಆಮ್ಯಾಲೂ ಎರಡು ವರ್ಷ ನಡದಿ.
ಮೊನ್ನೆ ಸೋಮವಾರ ಸೊಸೈಟಿಯ ಆ್ಯಪು ನಿನ್ನ ಒಲ್ಲೆ ಅಂತು.
ಪಂಕ್ಚರ್ ಅಂಗಡಿ ಮುಂದ ನಿಂತೀನಿ,
ಕೈಯಾಗ ಇಪ್ಪತ್ತರ ಎಣ್ಣಿ ನೋಟು,
ತೆರಿ ಬಿಳಿ. ಮತ್ತ ಬಿಳಿ.
ನೀ ಕೆಟ್ಟಿರಲಿಲ್ಲ. ಅದನ್ನ ಎಲ್ಲೆರೆ ಬರದಿಡಬೇಕು,
ಕೆಟ್ಟಿರಲಿಲ್ಲ ನೀ.
ಹಳೇ ಕೆಂಪು ಪುಸ್ತಕ ತಗದು
ಪೆನ್ನಿಲೆ ಬರಕೊಂಡು ಮನಿಗೆ ಬಂದೆ.

ಹೊಸಾದು ಬಂದೈತಿ. ಅಗಲ, ಹಗುರ,
ಎಲ್ಲಾ ಸೆಕ್ಟರೂ ಹುಟ್ಟತಲೆ ಬಲ್ಲದು.
ನಮ್ಮ ಓಣಿ ಕೇಳಿದೆ.
'ಅಂಥ ಸ್ಥಳ ಕಂಡುಬಂದಿಲ್ಲ.'

ನೀ ಈಗ ಹಿಟ್ಟಿನ ಡಬ್ಬಿ ಬಾಜೂಕ,
ಗಡಿಯಾರ. ಕರೆಂಟು ಹೋದ್ರ ದೀಪ.
ನಿನ್ನೆ ರಾತ್ರಿ ನಿದ್ದಿ ಹತ್ತಲಿಲ್ಲ. ಎದ್ದು ಬಂದು
ಸೆಟ್ಟಿಂಗಿನಾಗ 'ಪರಿಶೀಲಿಸಿ' ಅಂಬೂದನ್ನ ಒತ್ತಿದೆ.
ಸಣ್ಣ ಗಾಲಿ ತಿರಗಿತು, ಭಾಳೊತ್ತು ತಿರಗಿತು,
ಯಾರ ಮನಿ ಬಾಗಿಲಕ್ಕೋ ಹೋಗಿ
ಕೂಗಿ ಬಂದಂಗ.
ಆಮ್ಯಾಲ ಅಂದಿ:
'ಎಲ್ಲವೂ ಇತ್ತೀಚಿನದಾಗಿದೆ.'

ಹೌದಪಾ, ಅಂದೆ.
ಮಕ್ಕೊ.