ನಲವತ್ತೊಂದು

ವ್ಯವಹಾರ ತತ್ವಗಳು, ಮೊದಲ ಸೆಮಿಸ್ಟರು,
ಅರವತ್ತೆರಡು ಉತ್ತರ ಪತ್ರಿಕೆ.
ಬಿಷ್ಕೆಕ್ಕಿನ ರಾತ್ರಿ, ಮೈನಸ್ ಹದಿನೆಂಟು.
ಗೋಡೆಯ ಬಿಸಿನೀರಿನ ಕೊಳವೆ ಕೆಮ್ಮುತ್ತಿದೆ,
ನನ್ನ ಕೆಂಪು ಪೆನ್ನೂ.

ಕೊಟ್ಟ ಪಾಠವನ್ನೆಲ್ಲ ಹಾಗೇ ಮರಳಿಸಿದ್ದಾರೆ,
ಅಸಲು ಮಾತ್ರ, ಬಡ್ಡಿಯಿಲ್ಲ.
ಅಲ್ಪವಿರಾಮ ಕೂಡ ನನ್ನದೇ.

ಬುರುಲಾಯಳದು ತೆಳ್ಳಗಿದೆ. ಎರಡೇ ಹಾಳೆ.
ಐದನೆಯ ಪ್ರಶ್ನೆ: ಅವಕಾಶ ವೆಚ್ಚ ಎಂದರೇನು? ಉದಾಹರಣೆ ಕೊಡಿ.

'ಒಂದನ್ನು ಹಿಡಿಯಲು ಕೈಬಿಟ್ಟ ಇನ್ನೊಂದು.
ಉದಾಹರಣೆಗೆ, ಈ ಪರೀಕ್ಷೆ.
ದೊರ್ದೊಯ್ ಪೇಟೆಯ ಆರನೇ ಸಾಲಿನಲ್ಲಿ
ನಮ್ಮದು ಕಾಲುಚೀಲದ ಕಂಟೇನರು.
ಶನಿವಾರ ತಾಸಿಗೆ ನಲವತ್ತು ಜೊತೆ,
ಜೊತೆಗೆ ಹದಿನೈದು ಸೋಮ್ ಗಿಟ್ಟುತ್ತದೆ.
ಚಿಕ್ಕಮ್ಮನಿಗೆ ಮಂಡಿನೋವು,
ಮೇಲಿನ ಗೋದಾಮಿಗೆ ಏಣಿ ಹತ್ತಲಾರಳು.
ಈಗ ಒಂದು ತಾಸಾಯಿತು, ಅಂದರೆ ಆರುನೂರು.
ಪಾಸಿಗೆ ನಲವತ್ತು ಸಾಕು, ಎಣಿಸಿದ್ದೇನೆ, ಆಗಿರಬೇಕು.
ಉಳಿದೆರಡು ತಾಸು ಉಳಿಸಿಕೊಳ್ಳುತ್ತೇನೆ.'

ಆಮೇಲೆ ಬಿಳಿ ಹಾಳೆ.
ಎಂಟನೆಯದೂ ಖಾಲಿ: ಸುನಾಮವನ್ನು ವಿವರಿಸಿ,
ಕೈಗೆ ಸಿಗದ ಆಸ್ತಿ, ಹತ್ತು ಅಂಕ.

ಕೂಡಿಸಿದೆ. ನಲವತ್ತೊಂದು.
ಆ ಹೆಚ್ಚಿನ ಒಂದು
ನನ್ನ ಜಿಪುಣತನದ ಮೇಲೆ ಅವಳು ಕಟ್ಟಿದ ವಿಮೆ.

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.
ಹದಿನೇಳು ವರ್ಷದಿಂದ ಹೇಳುತ್ತ ಬಂದ ಪಾಠವನ್ನು
ಯಾರೋ ಮೊದಲ ಸಲ ನಂಬಿಬಿಟ್ಟಿದ್ದರು.

ಭಾನುವಾರ ಬೆಳಕು ಹರಿಯುವ ಮುನ್ನ ಪೇಟೆಯಲ್ಲಿದ್ದೆ.
ಬೈಯಲು ಹೋದೆ ಎಂದುಕೊಳ್ಳೋಣ.
ದಾರಿ! ದಾರಿ! ಎನ್ನುತ್ತ ತಳ್ಳುಗಾಡಿಗಳು,
ಉಸಿರಾಡುವ ಸಮೋಸದ ಡಬರಿಗಳು,
ಒಂದರ ಮೇಲೊಂದು ಕೂತ ಕಬ್ಬಿಣದ ಪೆಟ್ಟಿಗೆಗಳ ಊರು.
ಕನಿಶಾಯ್ ಚಿಕ್ಕಮ್ಮ ಬಾಗಿಲು ಎಳೆದಾಗ
ಹಿಮ ಸಿಪ್ಪೆಸಿಪ್ಪೆಯಾಗಿ ಉದುರಿತು.

ನಾನು ಯಾರೆಂದು ಆಕೆಗೆ ತಿಳಿಯದು.
ತೋಳು ಹಿಡಿದಳು. ಬೋಣಿ ಗಿರಾಕಿ
ಬರಿಗೈಲಿ ಹೋಗುವಂತಿಲ್ಲ, ಅಲ್ಲಿಯೂ.
ಡಜನ್ನಿಗೆ ಮುನ್ನೂರು, ಅಂದಳು.
ಬೇಡಿಕೆ, ಪೂರೈಕೆ, ಎರಡು ಗೆರೆ
ಕರಿಹಲಗೆಯ ನಡುವೆ ನನಗೆ ಎಷ್ಟು ಚೆನ್ನಾಗಿ ಕೂಡುತ್ತವೆ!
ಇಲ್ಲಿ ಇನ್ನೂರೈವತ್ತು ಎನ್ನಲು ಗಂಟಲು ಕಟ್ಟಿತು.

ಏಣಿಯಿಂದ ಇಳಿದಳು ಬುರುಲಾಯ್,
ಗದ್ದದವರೆಗೆ ರಟ್ಟಿನ ಡಬ್ಬಿ.
ನೋಡಿದಳು. ನಮಸ್ಕಾರವಿಲ್ಲ.
'ಅದು ಬೇಡ ಮೇಷ್ಟ್ರೇ, ಎರಡು ಸಲ ಒಗೆದರೆ ಹಿಮ್ಮಡಿ ಹೊರಗೆ.'
ಒಳಗಿನಿಂದ ಒಂದೇ ಒಂದು ಜೊತೆ ತಂದಳು, ಒಂಟೆಯ ಉಣ್ಣೆ.
'ನೂರಾ ಎಂಬತ್ತು.'
ಒಂದು ಸೋಮ್ ಬಿಡಲಿಲ್ಲ.

ಚಿಕ್ಕಮ್ಮ ಅವಳನ್ನು ನೋಡಿದ ನೋಟವನ್ನು
ಜಮೆಗೆ ಬರೆಯಬೇಕೋ ಖರ್ಚಿಗೋ, ನನಗೆ ಈಗಲೂ ಗೊತ್ತಿಲ್ಲ.
ಆಮೇಲೆ ನನ್ನ ನೋಟುಗಳನ್ನು ಬೀಸಣಿಗೆಯಂತೆ ಹರಡಿ
ತೂಗುಹಾಕಿದ ಕಾಲುಚೀಲಗಳಿಗೆಲ್ಲ ಸವರಿದಳು,
ಎಡದಿಂದ ಬಲಕ್ಕೆ, ತುಟಿ ಆಡಿಸುತ್ತ.
ಪತ್ರಿಕೆಯ ಮಾತು ನಾನು ಎತ್ತಲಿಲ್ಲ,
ಅವಳು ಕೇಳಲಿಲ್ಲ.

ಮನೆಗೆ ಬಂದು ಮತ್ತೆ ಕೂತೆ.
ಪೆನ್ನು ಎಂಟನೆಯ ಪ್ರಶ್ನೆಯ ಖಾಲಿ ಜಾಗಕ್ಕೆ ಹೋಯಿತು,
ನಿಂತಿತು, ಮರಳಿತು.
ಒಂದು ಅಂಕ ಕೂಡಿಸಿದ್ದರೂ
ಅವಳ ಲೆಕ್ಕ ತಪ್ಪಿಹೋಗುತ್ತಿತ್ತು.

ಇದು ಮೂರನೆಯ ಚಳಿಗಾಲ.
ಸವಕಳಿ ಎಂದರೆ, ಎನ್ನುತ್ತ ಹಲಗೆಯ ಮೇಲೆ
ವರ್ಷವರ್ಷಕ್ಕೂ ಸಮವಾಗಿ ಇಳಿಯುವ ಗೆರೆ ಎಳೆಯುತ್ತೇನೆ.
ಬೂಟಿನೊಳಗೆ ಹಿಮ್ಮಡಿಯನ್ನು ಒಮ್ಮೆ ಒತ್ತಿ ನೋಡುತ್ತೇನೆ.
ಗಟ್ಟಿಯಿದೆ.
ಹೊಸ ಹುಡುಗರು ಸ್ಕೇಲಿಟ್ಟು
ಗೆರೆಯನ್ನು ಬರೆದುಕೊಳ್ಳುತ್ತಾರೆ.